ಶಿಡ್ಲಘಟ್ಟದ ತೋಟದಿಂದ ವಾಸ್ಪ್-12ಬಿ ಹಿಡಿದಿದ್ದು

"ಆರಿಂಚಿನ ಕನ್ನಡಿ, ಹಳೇ ಡಿಎಸ್‌ಎಲ್‌ಆರ್, ಒಂದೂವರೆ ಪರ್ಸೆಂಟ್ ಇಳಿತ. ಆಗೋ ಕೆಲಸ ಅಲ್ಲ ಬಿಡಿ." ಬೆಂಗಳೂರಿನ ಗೆಳೆಯರು ಮೂರು ವರ್ಷ ಇದನ್ನೇ ಹೇಳಿದರು. ದೂರದ ನಕ್ಷತ್ರದ ಮುಂದೆ ಅದರ ಗ್ರಹ ಅಡ್ಡ ಬಂದಾಗ ಬೆಳಕು ಅಷ್ಟು ಇಳಿಯುತ್ತದೆ, ಅದನ್ನು ಹಿಡಿಯಬೇಕಿತ್ತು. ಈ ಫೆಬ್ರವರಿಯಲ್ಲಿ ಆಯಿತು. ಗ್ರಾಫಿನಲ್ಲಿ ತಟ್ಟೆಯಂಥ ತಗ್ಗು ಎದ್ದು ಕಾಣುತ್ತಿದೆ.

ನಮ್ಮದು ರೇಷ್ಮೆ ಮನೆ. ರಾತ್ರಿ ಎದ್ದಿರುವುದು ಹೊಸದಲ್ಲ. ವಾಸ್ಪ್-12 ಅನ್ನೋ ನಕ್ಷತ್ರ ಆರಿಸಿದ್ದು ಸುಮ್ನೆ ಅಲ್ಲ. ಅದು ವಿಜಯಸಾರಥಿ ನಕ್ಷತ್ರಪುಂಜದಲ್ಲಿದೆ. ನಮ್ಮೂರಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಏರುತ್ತದೆ, ಬೆಂಗಳೂರಿನ ಬೆಳಕು ಬೆನ್ನಿಗೆ ಉಳಿಯುತ್ತದೆ. ದೂರ ಸುಮಾರು 1,400 ಜ್ಯೋತಿರ್ವರ್ಷ, ಹೊಳಪಿನ ಅಂಕ 11.7 (ಅಂಕ ಹೆಚ್ಚಿದಷ್ಟೂ ಮಂಕು). ಅದನ್ನು ಸುತ್ತುವ ವಾಸ್ಪ್-12ಬಿ 2008ರಲ್ಲಿ ಸಿಕ್ಕ ಗ್ರಹ. ಗುರುಗ್ರಹಕ್ಕಿಂತ ದೊಡ್ಡದು, ಶಾಖ 2,500 ಕೆಲ್ವಿನ್ ಆಸುಪಾಸು. ನಕ್ಷತ್ರಕ್ಕೆ ಎಷ್ಟು ಹತ್ತಿರ ಅಂದರೆ, ಎಳೆತಕ್ಕೆ ಮೊಟ್ಟೆಯಂತೆ ಉದ್ದವಾಗಿದೆ. ಒಂದು ಸುತ್ತಿಗೆ 26 ಗಂಟೆ ಚಿಲ್ಲರೆ.

ದುಡ್ಡಿನ ಮಾತು. ಟೆಲಿಸ್ಕೋಪ್ ಹೊತ್ತು ನಕ್ಷತ್ರದ ಜೊತೆ ತಿರುಗುವ ಮೌಂಟಿಗೆ ಹತ್ತಿರ ಹತ್ತಿರ ಒಂದು ಲಕ್ಷ, ಅಂದರೆ ಎರಡು ಬೆಳೆ ಗೂಡಿನ ಲಾಭ. ಟ್ಯೂಬ್ ಸೆಕೆಂಡ್ ಹ್ಯಾಂಡ್, ಇಪ್ಪತ್ತೈದೋ ಇಪ್ಪತ್ತಾರೋ ಸಾವಿರ. ಕ್ಯಾಮೆರಾ ಹದಿನಾರು, ನಕ್ಷತ್ರ ಜಾರದಂತೆ ಕಾಯುವ ಗೈಡ್ ಕ್ಯಾಮೆರಾ ಹನ್ನೆರಡು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮೊದಲ ಚಳಿಗಾಲ ಪೂರ್ತಿ ಹಾಳಾಯಿತು. ಫೋಕಸ್ ಚೂಪಾಗಿ ಇಟ್ಟಿದ್ದೆ. ನಕ್ಷತ್ರ ಬೆರಳೆಣಿಕೆ ಪಿಕ್ಸೆಲ್ ಮೇಲೆ ಕೂತು ಅತ್ತಿತ್ತ ಜಾರುತ್ತಿತ್ತು. ಹಸಿರು ಚಾನೆಲ್ಲಿನ (ಫೋಟೋದ ಹಸಿರು ಬಣ್ಣದ ಭಾಗದ) ಗ್ರಾಫ್ ಗರಗಸದಂತೆ ಬಂತು. ಈಗ ಬೇಕಂತಲೇ ಫೋಕಸ್ ಕೆಡಿಸಿ ನಕ್ಷತ್ರವನ್ನು ಕಡುಬಿನಷ್ಟು ದಪ್ಪ ಮಾಡುತ್ತೇನೆ. ಎಷ್ಟು ದಪ್ಪ ಅನ್ನುವುದಕ್ಕೆ ಫೋಕಸರ್ ಮೇಲೆ ಉಗುರುಬಣ್ಣದ ಗುರುತಿದೆ. ಆ ಅಳತೆ ನನ್ನ ಹತ್ತಿರವೇ ಇರಲಿ.

ಎರಡನೇ ವರ್ಷ ಕರೆಂಟ್ ಕಾಟ. ಪಂಪ್‌ಸೆಟ್‌ಗೆ ತ್ರೀಫೇಸ್ ಬಂದ ಕೂಡಲೇ ವೋಲ್ಟೇಜ್ ಕುಣಿದು ಮೌಂಟ್ ರೀಸ್ಟಾರ್ಟ್. ಟ್ರ್ಯಾಕ್ಟರ್ ಬ್ಯಾಟರಿ ಹಾಕಿದ ಮೇಲೆ ಆ ಚಿಂತೆ ಹೋಯಿತು. ಆಮೇಲೆ ಪಕ್ಕದ ಹೊಲದ ಸೇವಂತಿ. ಹೂವು ತಡವಾಗಲಿ ಅಂತ ಸಾಲು ಸಾಲು ಬಲ್ಬ್ ಉರಿಸುತ್ತಾರೆ. ಆರಿಸಿ ಅನ್ನೋಕಾಗುತ್ತಾ? ಅವರ ಬೆಳೆ ಅದು. ಹುಳ ಗೂಡು ಕಟ್ಟುವ ಬಿದಿರಿನ ಹಳೆ ಚಂದ್ರಿಕೆ ನಾಲ್ಕು ನಿಲ್ಲಿಸಿ ಕಪ್ಪು ಟಾರ್ಪಾಲು ಕಟ್ಟಿದೆ. ಗಾಳಿಗೂ ನಿಲ್ಲುತ್ತದೆ. ಹಿನ್ನೆಲೆ ಬೆಳಕು ಅರ್ಧಕ್ಕೆ ಇಳಿಯಿತು.

ವಾಸ್ಪ್-12ರ ಬೆಳಕನ್ನು ಹೋಲಿಸಿ ನೋಡೋಕೆ ಒಂದು ಕೆಂಪು ನಕ್ಷತ್ರ ಇಟ್ಟುಕೊಂಡಿದ್ದೂ ತಪ್ಪೇ. ಎರಡೂ ಪಶ್ಚಿಮಕ್ಕೆ ತಗ್ಗಿದಂತೆ ಗಾಳಿ ಒಂದೊಂದು ಬಣ್ಣವನ್ನು ಒಂದೊಂದು ಥರ ಮಂಕು ಮಾಡಿ ಗ್ರಾಫ್ ಪೂರ್ತಿ ಓರೆಯಾಯಿತು. ಈಗ ನಾಲ್ಕು ನಕ್ಷತ್ರ, ಎಲ್ಲಾ ಇದರದೇ ಬಣ್ಣದ ಹತ್ತಿರದವು.

ನಡುವೆ ಕೈ ಪಳಗಲಿ ಅಂತ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ ಆಲ್ಗಾಲ್‌ನ ಗ್ರಹಣ ಹಿಡಿದೆ. 2.1ರಿಂದ 3.4ಕ್ಕೆ ಇಳಿಯುವ ನಕ್ಷತ್ರ, ಬರಿಗಣ್ಣಿಗೇ ಗೊತ್ತಾಗುತ್ತದೆ. ಮೊಬೈಲ್ ಕ್ಯಾಮೆರಾದಲ್ಲೂ ಒಂದು ಗ್ರಾಫ್ ಬಂತು. ಮಗಳು ಅದನ್ನು ಶಾಲೆಗೆ ಒಯ್ದಳು.

ನಿಜವಾದ ಗುಟ್ಟು ಸಮಯದಲ್ಲಿತ್ತು. ಗ್ರಹ ದಿನಕ್ಕೆ ಎರಡು ಗಂಟೆ ಹತ್ತು ಹನ್ನೆರಡು ನಿಮಿಷ ತಡ ಮಾಡುತ್ತದೆ. ಹನ್ನೊಂದು ಸುತ್ತಿಗೆ 12 ದಿನ, ಮೇಲೆ ಎಂಟು ನಿಮಿಷ. ಅಂದರೆ 12 ದಿನಕ್ಕೊಮ್ಮೆ ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಅಡ್ಡ ಬರುತ್ತದೆ. ಆದರೆ ನಕ್ಷತ್ರ ಅಷ್ಟರಲ್ಲಿ ಮುಕ್ಕಾಲು ಗಂಟೆ ಬೇಗ ನೆತ್ತಿ ದಾಟುತ್ತದೆ. ಜನವರಿ ಎರಡನೇ ವಾರ ಮೆರಿಡಿಯನ್ ಫ್ಲಿಪ್ (ನಕ್ಷತ್ರ ನೆತ್ತಿ ದಾಟಿದಾಗ ಮೌಂಟ್ ಟ್ಯೂಬನ್ನು ಆಚೆ ಬದಿಗೆ ತಿರುಗಿಸುವುದು) ಸರಿಯಾಗಿ ತಗ್ಗಿನ ನಡುವೆ ಬಿದ್ದು ಗ್ರಾಫ್ ಎರಡು ತುಂಡಾಯಿತು. ಮುಂದಿನದು ಮಂಜಿಗೆ ಹೋಯಿತು, ಅದರ ಮುಂದಿನದು ಹುಣ್ಣಿಮೆಗೆ. ನಾನು ಫೆಬ್ರವರಿ ಮೂರನೇ ವಾರಕ್ಕೆ ಕಾದೆ. ಅವತ್ತು ಫ್ಲಿಪ್ ಒಂಬತ್ತಕ್ಕೇ ಮುಗಿದಿತ್ತು. ಹುಳವೂ ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ ಕೂತಿತ್ತು, ಸೊಪ್ಪು ಹಾಕುವ ಕೆಲಸ ಇರಲಿಲ್ಲ.

ಒಂಬತ್ತೂ ಕಾಲಿಗೆ ಶುರು. 90 ಸೆಕೆಂಡಿನ ಫ್ರೇಮು, ನೂರೈವತ್ತರ ಮೇಲೆ. ಹನ್ನೊಂದರ ಹೊತ್ತಿಗೆ ಟ್ಯೂಬ್ ಮೇಲೆ ಇಬ್ಬನಿ ಕೂತು ಕೈಗೆ ಅಂಟುತ್ತಿತ್ತು. ಟ್ಯೂಬಿನೊಳಗಿನ ಚಿಕ್ಕ ಕನ್ನಡಿ ಒಣಗೇ ಇತ್ತು. ಅದರ ಹಿಂದೆ ನಾನು ಅಂಟಿಸಿದ್ದು ಏನು ಅಂತ ಬೇರೆ ದಿನ ಹೇಳುತ್ತೇನೆ. ಎರಡು ಗಂಟೆಯ ಹತ್ತಿರ ನಿಲ್ಲಿಸಿದೆ.

ಬೆಳಿಗ್ಗೆ ನಕ್ಷತ್ರದ ಬೆಳಕು ಅಳೆಯುವ ಆಸ್ಟ್ರೋಇಮೇಜ್‌ಜೆ ಸಾಫ್ಟ್‌ವೇರಿನಲ್ಲಿ ಹಾಕಿ ಐದೈದು ಬಿಂದು ಸೇರಿಸಿದೆ. ತಗ್ಗು ಬಂತು. ಆಳ ಒಂದೂವರೆ ಪರ್ಸೆಂಟ್ ಹತ್ತಿರ, ಉದ್ದ ಮೂರು ಗಂಟೆ, ನಡುಬಿಂದು ಲೆಕ್ಕಕ್ಕಿಂತ ಮೂರು ನಾಲ್ಕು ನಿಮಿಷ ಆಚೀಚೆ. ನನಗೆ ಕೈ ನಡುಗಿತು.

ಈ ಗ್ರಹ ನಿಧಾನಕ್ಕೆ ನಕ್ಷತ್ರದೊಳಗೆ ಬೀಳುತ್ತಿದೆ. ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಮ್ಮಿಯಾಗುತ್ತಿದೆ. ಒಂದು ರಾತ್ರಿಯಲ್ಲಿ ಅದು ನನ್ನ ಕನ್ನಡಿಗೆ ಸಿಗಲ್ಲ. ಆದರೆ ಸುತ್ತಿಂದ ಸುತ್ತಿಗೆ ಕೂಡುತ್ತ ಹೋಗಿ ವರ್ಷಗಳಲ್ಲಿ ಅದು ನಿಮಿಷಗಳಾಗುತ್ತದೆ ಅಲ್ವಾ? ಅದಕ್ಕೇ ಪ್ರತಿ ಫೆಬ್ರವರಿ ಒಂದು ನಡುಬಿಂದು ಬರೆದಿಡುತ್ತೇನೆ. ಗೂಡಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೊದಲನೆಯದು ಈಗಾಗಲೇ ಇದೆ.