ಬೆಲ್ಟ್ ಫೈಟ್‌ಗೆ ಸಹಿ ಹಾಕುವ ಮೊದಲು ಹಾಕಬೇಕಾದ ಲೆಕ್ಕ

ಕಂಬಳದಲ್ಲಿ ಗೆದ್ದ ಕೋಣಗಳ ಯಜಮಾನರಿಗೆ ಸಿಗುವುದು ಎರಡು ಪವನ್ ಚಿನ್ನ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿದ ಖರ್ಚಿನೆದುರು ಅದು ಎಷ್ಟು ಎಂದು ಮಂಗಳೂರು, ಉಡುಪಿಯವರಿಗೆ ಹೇಳಿಕೊಡಬೇಕಿಲ್ಲ. ವೃತ್ತಿಪರ ಬಾಕ್ಸಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ: ಬೆಲ್ಟ್ (ಅಂದರೆ ಚಾಂಪಿಯನ್ ಪಟ್ಟ, ಟೈಟಲ್) ಕೊಡುವ ಸಂಸ್ಥೆಗೆ ಹೊಡೆದಾಡಿದವನೇ ‘ಸ್ಯಾಂಕ್ಷನ್’ ಶುಲ್ಕ ಕಟ್ಟಬೇಕು.

ಜಿಮ್‌ನ ಹುಡುಗನಿಗೆ ‘ಟೈಟಲ್ ಫೈಟ್’ ಬಂತೆಂದರೆ ಮೊದಲು ಕೇಳಬೇಕಾದ್ದು, ಯಾರ ಟೈಟಲ್, ಯಾವ ಮಟ್ಟದ್ದು? ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ – ಬೆಲ್ಟ್ ಕೊಡುವ ಸಂಸ್ಥೆಗಳಲ್ಲಿ ತೂಕವಿರುವುದು ಈ ನಾಲ್ಕಕ್ಕೆ. ಇವುಗಳಲ್ಲೂ ‘ಇಂಟರಿಮ್’ (ತಾತ್ಕಾಲಿಕ), ‘ರೆಗ್ಯುಲರ್’ (ಮುಖ್ಯ ಟೈಟಲ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಎಂಬ ಬಾಲಗಳಿರುತ್ತವೆ. ಬಾಲವನ್ನು ಕಾಗದದಲ್ಲಿ ನೋಡಿ. 1998ರಲ್ಲಿ ಡಬ್ಲ್ಯುಬಿಸಿ ಟೈಟಲ್ ಗೆದ್ದ ಜರ್ಮನಿಯ ಬಾಕ್ಸರ್ ಗ್ರಾಸಿಯಾನೊ ರೋಕಿಜಾನಿಯನ್ನು ಆ ಸಂಸ್ಥೆ ಆಮೇಲೆ ‘ಇಂಟರಿಮ್ ಚಾಂಪಿಯನ್’ ಎಂದುಬಿಟ್ಟಿತು. ಅವರು ಅಮೆರಿಕದ ಕೋರ್ಟಿಗೆ ಹೋದರು, 3 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರದ ತೀರ್ಪು ಬಂತು.

ಇನ್ನು ದುಡ್ಡು. ವಿಶ್ವ ಟೈಟಲ್‌ಗೆ ಶುಲ್ಕ ಸಾಮಾನ್ಯವಾಗಿ ಪರ್ಸ್‌ನ, ಅಂದರೆ ಫೈಟ್‌ಗೆ ಬಾಕ್ಸರ್‌ಗೆ ಒಪ್ಪಿದ ಹಣದ, ಶೇ 3. ಪ್ರಾದೇಶಿಕ ಟೈಟಲ್‌ಗಳ ದರ ಬೇರೆ, ಲಿಖಿತವಾಗಿ ತರಿಸಿಕೊಳ್ಳಿ. ಪರ್ಸ್ 10 ಲಕ್ಷ ಎಂದಿಟ್ಟುಕೊಳ್ಳಿ. ಶುಲ್ಕ 30 ಸಾವಿರ. ಕೋಚ್‌ಗೆ ಶೇ 10 ಎಂದರೆ 1 ಲಕ್ಷ, ಮ್ಯಾನೇಜರ್‌ಗೆ ಶೇ 20 ಎಂದರೆ 2 ಲಕ್ಷ. ಉಳಿದದ್ದು 6.70 ಲಕ್ಷ. ಟಿಡಿಎಸ್, ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಕರೆಸಿದವರ ಸಂಬಳ, ಎಂಆರ್‌ಐ, ರಕ್ತ ಪರೀಕ್ಷೆ ಇದರಿಂದಲೇ ಹೋಗಬೇಕು. ತಪ್ಪುವುದು ಇಲ್ಲಿ: ಕೈಗೆ ಬಂದ ಹಣದ ಶೇ 3 ಎಂದು ಲೆಕ್ಕ ಹಾಕುತ್ತಾರೆ. ಅಲ್ಲ, ಒಪ್ಪಂದದ ಪೂರ್ತಿ ಮೊತ್ತದ ಮೇಲೆ. ಒಂದೇ ಫೈಟ್‌ನಲ್ಲಿ ಎರಡು ಸಂಸ್ಥೆಗಳ ಬೆಲ್ಟ್ ಇದ್ದರೆ ಎರಡು ಶುಲ್ಕ. ಕಟ್ಟದಿದ್ದರೆ? 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಚಾಂಪಿಯನ್ ಟೆರೆನ್ಸ್ ಕ್ರಾಫರ್ಡ್‌ನಂಥವರ ಟೈಟಲನ್ನೇ ಡಬ್ಲ್ಯುಬಿಸಿ ಕಿತ್ತುಕೊಂಡಿತು.

ಮಂಗಳೂರಿನಲ್ಲೇ ಫೈಟ್ ಇಟ್ಟರೆ ಸೂಪರ್‌ವೈಸರ್, ರೆಫ್ರಿ, ಮೂವರು ಜಡ್ಜ್‌ಗಳ ವಿಮಾನ ಟಿಕೆಟ್, ರೂಮು, ಭತ್ಯೆ ವಾಡಿಕೆಯಂತೆ ಫೈಟ್ ಏರ್ಪಡಿಸುವ ಪ್ರಮೋಟರ್‌ನ ತಲೆಗೆ. ಆದರೆ ಒಪ್ಪಂದದಲ್ಲಿ ‘ಟೈಟಲ್ ಸಂಬಂಧಿತ ಎಲ್ಲ ಖರ್ಚು ಬಾಕ್ಸರ್‌ನದು’ ಎಂಬ ಒಂದು ಸಾಲು ನುಸುಳಿದರೆ ಅದೂ ಹುಡುಗನ ತಲೆಗೇ. ಆ ಸಾಲನ್ನು ಹೊಡೆದುಹಾಕಿ, ‘ಸ್ಯಾಂಕ್ಷನ್ ಶುಲ್ಕ ಮಾತ್ರ, ಇಂತಿಷ್ಟು’ ಎಂದು ಬರೆಸಿ. ಮುಂದಿನ ಫೈಟ್‌ಗಳನ್ನೂ ಅದೇ ಪ್ರಮೋಟರ್‌ಗೆ ಬರೆದುಕೊಡುವ ‘ಆಪ್ಷನ್’ ಷರತ್ತು ಎಷ್ಟು ಫೈಟ್‌ಗೆ ಎಂದೂ ಎಣಿಸಿ.

ಇಷ್ಟೆಲ್ಲ ಕೊಟ್ಟು ಬೆಲ್ಟ್ ಯಾಕೆ ಬೇಕು ಮಾರಾಯ್ರೆ ಎಂದರೆ, ರ‍್ಯಾಂಕಿಂಗ್‌ಗೆ. ವಿಶ್ವ ಟೈಟಲ್‌ಗೆ ಸೆಣಸಲು ಸಾಮಾನ್ಯವಾಗಿ ಮೊದಲ 15ರೊಳಗಿರಬೇಕು. ಪ್ರಾದೇಶಿಕ ಬೆಲ್ಟ್ ಅಲ್ಲಿಗೆ ಏಣಿ. 2016ರಲ್ಲಿ ವಿಜೇಂದರ್ ಸಿಂಗ್ ದಿಲ್ಲಿಯಲ್ಲಿ ಗೆದ್ದ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಅಂಥದ್ದು. ರ‍್ಯಾಂಕ್ ಕೊಡದ ಬೆಲ್ಟ್ ಗೋಡೆಗೆ ಚಂದ, ಅಷ್ಟೇ.

ತೂಕ ಮೀರಿದರೆ ಚಾಂಪಿಯನ್ ತಕ್ಕಡಿಯ ಮೇಲೇ ಟೈಟಲ್ ಕಳಕೊಳ್ಳುತ್ತಾನೆ. ಆಗ ಶುಲ್ಕ, ಪರ್ಸ್ ಏನಾಗುತ್ತದೆಂದು ಮೊದಲೇ ಬರೆಸಿ. ಕರಾವಳಿಯ ಸೆಕೆಯಲ್ಲಿ ಬೆವರಿಳಿಸಿ ಸುಲಭವಾಗಿ ತೂಕ ಕಡಿಮೆ ಮಾಡುವ ಹುಡುಗನಿಗೆ ಡಿಸೆಂಬರ್‌ನ ದಿಲ್ಲಿಯಲ್ಲಿ ಬೆವರೇ ಬರುವುದಿಲ್ಲ. ಮೂರ್ನಾಲ್ಕು ದಿನ ಮೊದಲೇ ಕರೆದುಕೊಂಡು ಹೋಗಿ, ನಿಮ್ಮ ತಕ್ಕಡಿಯನ್ನು ಅಧಿಕೃತ ತಕ್ಕಡಿಯೊಡನೆ ತಾಳೆ ನೋಡಿಕೊಳ್ಳಿ.