ಆರ್ಗನ್ ಬಿಟ್ಟು ಆರ್ಕೆಸ್ಟ್ರಾ ಜೊತೆ ಆಂಥಮ್ ಹಾಡುವುದು: ನನ್ನ ಅನುಭವ

ಮಂಗಳೂರಿನ ಬಾಸೆಲ್ ಮಿಶನ್ ಸಭೆಯಲ್ಲಿ ನಾಲ್ಕು ಧ್ವನಿಯ ಕನ್ನಡ ಗೀತೆ ಹಾಡಿ ಬೆಳೆದ ನನಗೆ ಇಂಗ್ಲೆಂಡಿನ ಕ್ವಾಯರಿನ (ಚರ್ಚಿನ ಗಾಯಕವೃಂದದ) ಬೇಸ್ ಸಾಲು, ಅಂದರೆ ಎಲ್ಲಕ್ಕಿಂತ ತಗ್ಗಿನ ಗಂಡುಧ್ವನಿಯ ಸಾಲು, ತೀರಾ ಹೊಸತೇನಲ್ಲ. ಆರ್ಗನ್ ವಾದ್ಯದ ಜೊತೆ, ಆರಾಧನೆಯಲ್ಲಿ ಕ್ವಾಯರ್ ಹಾಡುವ ಗೀತೆಗಳಾದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಆಂಥಮ್‌ಗಳು ಬೇಗ ಒಗ್ಗಿದವು. ಅವನ್ನೇ ಪೂರ್ಣ ಆರ್ಕೆಸ್ಟ್ರಾದ ಹಿಂದೆ ನಿಂತು ಹಾಡುವುದು ಮಾತ್ರ ಬೇರೆಯೇ ಕೆಲಸ. ಗಂಟಲು ಜೋರು ಮಾಡಿದರಾಯಿತು ಎಂದುಕೊಳ್ಳುವವರುಂಟು. ಟ್ರೊಂಬೋನಿನಂಥ ಹಿತ್ತಾಳೆ ವಾದ್ಯದ ಎದುರು ಯಾರ ಗಂಟಲೂ ಗೆಲ್ಲುವುದಿಲ್ಲ.

ಗೆಲ್ಲಿಸುವುದು ವ್ಯಂಜನ. ಇಂಗ್ಲಿಷ್ ಸಂಯೋಜಕ ಪ್ಯಾರಿಯ ‘ಐ ವಾಸ್ ಗ್ಲ್ಯಾಡ್’ ತಗೊಳ್ಳಿ. ಬೈಬಲಿನ 122ನೇ ಕೀರ್ತನೆ, 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಮಾಡಿದ್ದು. ‘ಗ್ಲ್ಯಾಡ್’ನ ‘ಗ್ಲ್’ ಅನ್ನು ನಾನು ತಾಳದ ಪೆಟ್ಟಿಗಿಂತ ಕೂದಲೆಳೆ ಮುಂಚೆ ಇಡುತ್ತೇನೆ, ಸ್ವರ ಸರಿಯಾಗಿ ಪೆಟ್ಟಿನ ಮೇಲೆ ಬೀಳಬೇಕು. ಕೊನೆಯ ‘ಡ್’ ಎಲ್ಲಿ ಮುಗಿಯಬೇಕೆಂದು ಸ್ಕೋರಿನಲ್ಲಿ (ಸ್ವರಲಿಪಿಯ ಪುಸ್ತಕದಲ್ಲಿ) ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಮಧ್ಯದಲ್ಲಿ ಕ್ವಾಯರ್ ಎರಡು ಭಾಗವಾಗಿ ಒಂದಕ್ಕೊಂದು ಉತ್ತರ ಕೊಡುವಲ್ಲಿ ಇದಿಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ.

(ಆ ಪಟ್ಟಾಭಿಷೇಕದಲ್ಲಿ ರಾಜ ಒಳಗೆ ಬರುವ ಮೊದಲೇ ಆಂಥಮ್ ಮುಗಿದುಹೋಗಿ, ಆರ್ಗನ್‌ನಲ್ಲಿ ಏನೋ ನುಡಿಸಿ ಹೊತ್ತು ತಳ್ಳಿ, ಅವರು ಬಂದ ಮೇಲೆ ಮತ್ತೆ ಹಾಡಿದರಂತೆ!)

ಎರಡನೆಯದು ಕಣ್ಣು. ಕೆಥೀಡ್ರಲಿನಲ್ಲಿ ನಾವು ನಿಲ್ಲುವುದು ಹಿತ್ತಾಳೆ ವಾದ್ಯಗಳ ಬೆನ್ನಿಗೆ; ಪಿಟೀಲುಗಳು ಇನ್ನೂ ಆಚೆ. ಅವುಗಳ ನಾದ ಕಿವಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಕೇಳಿಕೊಂಡು ಹಾಡಿದವರು ಹಿಂದೆ ಬೀಳುತ್ತಾರೆ. ಹಾಗಾಗಿ ಪ್ರತಿ ಪ್ರವೇಶದ ಹಿಂದುಮುಂದಿನ ಎರಡು ಸಾಲು ಬಾಯಿಪಾಠ, ಕಣ್ಣು ವಾದ್ಯವೃಂದ ನಡೆಸುವ ಕಂಡಕ್ಟರರ ಕೋಲಿನ ಮೇಲೆ.

ಎಣಿಕೆಯ ಪಾಠ ಕಲಿಸಿದ್ದು ಸಂಯೋಜಕ ಹ್ಯಾಂಡೆಲನ ‘ಝೇಡಾಕ್ ದ ಪ್ರೀಸ್ಟ್’, 1727ರಲ್ಲಿ ಎರಡನೇ ಜಾರ್ಜ್ ಪಟ್ಟಾಭಿಷೇಕದ್ದು. 22 ಬಾರ್ (ತಾಳದ ಆವರ್ತ) ಬರೀ ವಾದ್ಯ, ಆಮೇಲೆ ಏಳು ಧ್ವನಿಯ ಕ್ವಾಯರ್ ಟ್ರಂಪೆಟ್, ನಗಾರಿ ಸಮೇತ ಒಮ್ಮೆಲೇ ಸಿಡಿಯಬೇಕು. ಕೈಯಲ್ಲಿರುವುದು ಪಿಯಾನೋಗೆ ಇಳಿಸಿದ ಸ್ಕೋರ್. ಅದನ್ನು ನೋಡಿದರೆ ಅಷ್ಟು ಹೊತ್ತು ಪಿಟೀಲುಗಳು ಹೇಗೆ ಅಲೆಯುತ್ತವೆಂದು ತಿಳಿಯುವುದೇ ಇಲ್ಲ. ನಾನು ಊರಿನ ಲೆಕ್ಕ ಹಿಡಿದೆ: ಒಂದು ಕೈಯ ನಾಲ್ಕು ಬೆರಳಿನ 12 ಗೆರೆ ಹೆಬ್ಬೆರಳಿನಲ್ಲಿ ಎಣಿಸಿ, ತಿರುಗಿ 10. ಉಸಿರು ಆ ಹತ್ತರ ಎಂಟನೆಯದಕ್ಕೆ ನಿಧಾನವಾಗಿ ಕೆಳಗಿಳಿಯುತ್ತದೆ, ಕೊನೆಯದಕ್ಕೆ ತುಂಬುತ್ತದೆ. ಪಕ್ಕದ ಇಂಗ್ಲಿಷ್ ಬೇಸ್ ಈಗ ನನ್ನ ಹೆಬ್ಬೆರಳು ನೋಡಿಕೊಂಡೇ ಉಸಿರೆಳೆಯುತ್ತಾರೆ.

ಶ್ರುತಿಯ ಕಷ್ಟ ಗದ್ದಲದಲ್ಲಿ ಗೊತ್ತಾಗುವುದಿಲ್ಲ, ಮೆಲ್ಲಗಿದ್ದಾಗ ಗೊತ್ತಾಗುತ್ತದೆ. ಎಲ್ಗಾರ್ 1914ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲಿನ ಉತ್ಸವಕ್ಕೆ ಬರೆದ ‘ಗಿವ್ ಅಂಟು ದ ಲಾರ್ಡ್’ನಲ್ಲಿ ದೇವರ ದನಿ ದೇವದಾರು ಮರ ಮುರಿಯುವ ಅಬ್ಬರವೆಲ್ಲ ಕಳೆದು ಕೊನೆಗೆ ಸಮಾಧಾನದ ಮಾತು ಬರುತ್ತದೆ. ಅರಚಿದ ಗಂಟಲು ಅಲ್ಲಿ ಕೆಳಗೆ ಜಾರುತ್ತದೆ. ಆ ಪುಟವನ್ನು ನಾವು ವಾದ್ಯವಿಲ್ಲದೆ ಹಾಡಿ, ಕೊನೆಗೆ ಪಿಯಾನೋ ಮುಟ್ಟಿ, ಎಷ್ಟು ಇಳಿದಿದ್ದೇವೆಂದು ನೋಡುತ್ತೇವೆ. ಕಂಡಕ್ಟರ್ ಏನೂ ಹೇಳಬೇಕಾಗಿಲ್ಲ.

ಎಲ್ಲ ಆಂಥಮ್‌ಗೂ ಆರ್ಕೆಸ್ಟ್ರಾ ಒಪ್ಪುತ್ತದೆಂದು ನನಗನಿಸಿಲ್ಲ. ಫಿಂಝಿಯ ‘ಲೋ, ದ ಫುಲ್, ಫೈನಲ್ ಸ್ಯಾಕ್ರಿಫೈಸ್’ 1946ರಲ್ಲಿ ಆರ್ಗನ್‌ಗೆಂದೇ ಹುಟ್ಟಿದ್ದು, ಮರುವರ್ಷ ವಾದ್ಯವೃಂದಕ್ಕೆ ಅಳವಡಿಸಿದರು. ಅದನ್ನು ಈಗಲೂ ಆರ್ಗನ್ ಜೊತೆಗೇ ಹಾಡಲು ನನಗಿಷ್ಟ.