ಹ್ಯಾಶ್‌ಕ್ಯಾಟ್ ಮತ್ತು ಜಾನ್ ದ ರಿಪ್ಪರ್: ಪಾಸ್‌ವರ್ಡ್ ಪರೀಕ್ಷೆಯಲ್ಲಿ ನನ್ನ ಅನುಭವ

ಹಳೆಯ ಆಂತರಿಕ ತಂತ್ರಾಂಶವೊಂದರ ಪಾಸ್‌ವರ್ಡ್‌ಗಳು ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸಲು, ಲಿಖಿತ ಅನುಮತಿ ಪಡೆದು, ಡೇಟಾಬೇಸ್‌ನಿಂದ ತೆಗೆದ ಹ್ಯಾಶ್‌ಗಳ (ಪಾಸ್‌ವರ್ಡ್ ನೇರವಾಗಿ ಕಾಣದಂತೆ ಅದರಿಂದ ಲೆಕ್ಕಹಾಕಿದ ಅಕ್ಷರಸಾಲುಗಳ) ಕಡತವನ್ನು, ಊಹೆಗಳಿಂದ ಪಾಸ್‌ವರ್ಡ್ ಭೇದಿಸುವ ಹ್ಯಾಶ್‌ಕ್ಯಾಟ್ ಎಂಬ ಸಾಧನಕ್ಕೆ ಕೊಟ್ಟಾಗ, ಅದು ಒಂದು ಸಾಲನ್ನೂ ಸ್ವೀಕರಿಸದೆ ‘ಟೋಕನ್ ಲೆಂಗ್ತ್ ಎಕ್ಸೆಪ್ಷನ್’ (ಉದ್ದ ಹೊಂದುತ್ತಿಲ್ಲ) ಎಂಬ ದೋಷ ತೋರಿಸಿ ನಿಂತುಬಿಟ್ಟಿತು. ಅದೇ ಕಡತವನ್ನು, ಅಂಥದೇ ಇನ್ನೊಂದು ಸಾಧನವಾದ ಜಾನ್ ದ ರಿಪ್ಪರ್‌ನ ಜಂಬೋ (ಹೆಚ್ಚು ಬಗೆಯ ಹ್ಯಾಶ್‌ಗಳನ್ನು ಬಲ್ಲ) ಆವೃತ್ತಿ ತಕರಾರಿಲ್ಲದೆ ಓದಿತಾದರೂ, ಎಂಡಿ5 ಎಂಬ ಹಳೆಯ ವಿಧಾನದ 32 ಅಕ್ಷರಗಳ ಹ್ಯಾಶ್‌ಗಳನ್ನು ಎಲ್‌ಎಂ (ಹಳೆಯ ವಿಂಡೋಸ್‌ನ ಹ್ಯಾಶ್ ವಿಧಾನ) ಎಂದು ಭಾವಿಸಿತು.

ಪ್ರತಿ ಸಾಲಿನಲ್ಲೂ ಹ್ಯಾಶ್‌ಗೆ ಮೊದಲು ಬಳಕೆದಾರರ ಹೆಸರೂ ಕೋಲನ್ ಚಿಹ್ನೆಯೂ ಇದ್ದುದೇ ಮೊದಲ ತೊಡಕಿಗೆ ಕಾರಣ. ಹ್ಯಾಶ್‌ಕ್ಯಾಟ್‌ಗೆ ‘ಯೂಸರ್‌ನೇಮ್’ ಆಯ್ಕೆಯನ್ನೂ, ಜಾನ್‌ಗೆ ‘ರಾ-ಎಂಡಿ5’ ಎಂಬ ಫಾರ್ಮ್ಯಾಟನ್ನೂ ಸೂಚಿಸಿದ ಮೇಲೆ ಎರಡೂ ಸರಿಯಾಗಿ ನಡೆದವು.

ಗ್ರಾಫಿಕ್ಸ್ ಕಾರ್ಡ್ ಇರುವಲ್ಲಿ ಎಂಡಿ5ನಂಥ ಹಗುರ ಹ್ಯಾಶ್‌ಗಳಿಗೆ ಹ್ಯಾಶ್‌ಕ್ಯಾಟ್‌ನ ವೇಗಕ್ಕೆ ಸಾಟಿಯಿಲ್ಲ. ಆದರೂ ಪರೀಕ್ಷೆಯನ್ನು ಜಾನ್‌ನಿಂದಲೇ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ. ಅದರ ‘ಸಿಂಗಲ್’ ವಿಧಾನವು ಬಳಕೆದಾರರ ಹೆಸರನ್ನೇ ತಿರುಚಿ, ಕೊನೆಗೆ ಅಂಕಿ ಸೇರಿಸಿ ಊಹಿಸುವುದರಿಂದ ಸೋಮಾರಿ ಪಾಸ್‌ವರ್ಡ್‌ಗಳು ಬೇಗ ಸಿಕ್ಕಿಬೀಳುತ್ತವೆ. (ಸಾಲ್ಟ್, ಅಂದರೆ ಪ್ರತಿ ಪಾಸ್‌ವರ್ಡ್‌ಗೂ ಬೆರೆಸುವ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳು, ಇಲ್ಲದಿದ್ದುದರಿಂದ, ಒಂದೇ ಪಾಸ್‌ವರ್ಡ್ ಹಂಚಿಕೊಂಡ ಖಾತೆಗಳ ಹ್ಯಾಶ್‌ಗಳೂ ಒಂದೇ ಆಗಿ, ಅವು ಯಾವ ಸಾಧನವೂ ಇಲ್ಲದೆ ಬರಿಗಣ್ಣಿಗೇ ಕಾಣುತ್ತಿದ್ದವು.)

ಮೂಲ ಪರಿಹಾರ ಸಂಗ್ರಹದ ಕ್ರಮವನ್ನು ಬದಲಿಸುವುದೇ ಆಗಿತ್ತು. ಎಲ್ಲರೂ ಮತ್ತೆ ಲಾಗಿನ್ ಆಗುವವರೆಗೆ ಕಾಯದೆ, ಇದ್ದ ಎಂಡಿ5 ಹ್ಯಾಶ್‌ಗಳನ್ನೇ ಪ್ರತ್ಯೇಕ ಸಾಲ್ಟ್‌ನೊಂದಿಗೆ ಆರ್ಗಾನ್2ಐಡಿ ಎಂಬ, ಬೇಕೆಂದೇ ನಿಧಾನವಾಗಿಸಿದ ಹ್ಯಾಶ್ ವಿಧಾನದಲ್ಲಿ ಮತ್ತೊಮ್ಮೆ ಹ್ಯಾಶ್ ಮಾಡಿ ಹಳೆಯ ಕಾಲಮ್ಮನ್ನು ಅಳಿಸಿದೆ; ಬಳಕೆದಾರರು ಲಾಗಿನ್ ಆದಂತೆಲ್ಲ ನೇರ ಆರ್ಗಾನ್2ಐಡಿ ಹ್ಯಾಶ್ ಆ ಜಾಗಕ್ಕೆ ಬರುತ್ತದೆ. ಪರೀಕ್ಷೆಯಲ್ಲಿ ಭೇದಿಸಲ್ಪಟ್ಟ ಖಾತೆಗಳಿಗೆ ಮಾತ್ರ ಪಾಸ್‌ವರ್ಡ್ ಬದಲಾವಣೆಯನ್ನು ಕೂಡಲೇ ಕಡ್ಡಾಯಗೊಳಿಸಿ, ಹಳೆಯ ಹ್ಯಾಶ್‌ಗಳಿದ್ದ ಬ್ಯಾಕಪ್‌ಗಳನ್ನೂ ಭೇದಿಸಿದ ಪಾಸ್‌ವರ್ಡ್‌ಗಳು ದಾಖಲಾಗುವ ಜಾನ್‌ನ ಪಾಟ್ ಕಡತವನ್ನೂ ನಾಶಪಡಿಸಲಾಯಿತು.